ಮನೆಯಲ್ಲೇ ಬೆಕ್ಕಿಗೆ ಇನ್ಸುಲಿನ್: ಡೋಸ್ ಹೊಂದಿಸಲು ನಿಮ್ಮ ಮನೆಗೆ ಯಾವ ದಾರಿ ಸರಿ?

ನಮ್ಮ ಕೆಂಚನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಅವನಿಗೆ ಒಂಬತ್ತು ವರ್ಷ. 6.4 ಕೆಜಿ ಇದ್ದವನು ಎರಡು ತಿಂಗಳಲ್ಲಿ 5.5ಕ್ಕೆ ಇಳಿದಿದ್ದ. ಬೆಳಗ್ಗೆ ತುಂಬಿಸಿದ ನೀರಿನ ಬಟ್ಟಲು ಮಧ್ಯಾಹ್ನಕ್ಕೆ ಖಾಲಿ. ಟ್ರೇಯ ಮರಳಲ್ಲಿ ಮೂತ್ರ ಸೇರಿ ಕಟ್ಟಿದ ಮುಷ್ಟಿ ಗಾತ್ರದ ಉಂಡೆಗಳು. ವೈದ್ಯರು ರಕ್ತ, ಮೂತ್ರ ಎರಡನ್ನೂ ನೋಡಿದರು. ದಿನಕ್ಕೆ ಎರಡು ಸಲ ಒಂದೊಂದು ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು. "ಇದು ಶುರುವಿನ ಡೋಸ್ ಅಷ್ಟೇ. ಮುಂದೆ ನೋಡಿಕೊಂಡು ಹೊಂದಿಸಬೇಕು" ಅಂದರು.

ಆ ಹೊಂದಿಸುವ ಕೆಲಸಕ್ಕೆ ಮೂರು ದಾರಿಗಳಿವೆ. ಒಂದರಲ್ಲಿ ಡೋಸ್ ಬದಲಿಸುವುದೆಲ್ಲ ವೈದ್ಯರ ಕೈಲಿ, ನೀವು ಲಕ್ಷಣ ಬರೆದಿಡುತ್ತೀರಿ. ಇನ್ನೊಂದರಲ್ಲಿ ವಾರಕ್ಕೊಮ್ಮೆ ಮನೆಯಲ್ಲೇ ದಿನವಿಡೀ ಶುಗರ್ ನೋಡಿ, ನಿಧಾನವಾಗಿ ಅರ್ಧ ಯೂನಿಟ್ ಏರಿಸುತ್ತೀರಿ ಅಥವಾ ಇಳಿಸುತ್ತೀರಿ. ಮೂರನೆಯದರಲ್ಲಿ ದಿನಕ್ಕೆ ನಾಲ್ಕೈದು ಸಲ ಕಿವಿ ಚುಚ್ಚಿ, ಶುಗರನ್ನು ಸಹಜ ಮಟ್ಟದ ಹತ್ತಿರ ಹಿಡಿದಿಡಲು ನೋಡುತ್ತೀರಿ. ಮೂರರಿಂದಲೂ ಬೆಕ್ಕುಗಳು ಚೆನ್ನಾಗಿ ಬದುಕಿವೆ. ಯಾವುದು ನಿಮಗೆ ಅನ್ನುವುದು ಹಗಲು ಮನೆಯಲ್ಲಿ ಯಾರಿರುತ್ತಾರೆ ಅನ್ನುವುದರ ಮೇಲೆ ಜಾಸ್ತಿ ನಿಂತಿದೆ. ನಾವು ಮೊದಲು ತಪ್ಪು ದಾರಿ ಆರಿಸಿಕೊಂಡೆವು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶುರುವಿನ ಡೋಸ್ ವೈದ್ಯರೇ ಕೊಡಬೇಕು. ಯಾವ ಅಂಕಿಗೆ ಏನು ಮಾಡಬೇಕು ಅನ್ನುವ ಪಟ್ಟಿಯನ್ನೂ ಅವರಿಂದಲೇ ಬರೆಸಿಕೊಳ್ಳಿ. ಇಲ್ಲಿರುವ ಅಂಕಿಗಳು ಬೆಕ್ಕುಗಳಿಗೆ ಸಾಮಾನ್ಯವಾಗಿ ಬಳಸುವಂಥವು. ನಿಮ್ಮ ಬೆಕ್ಕಿನ ಪಟ್ಟಿ ಸ್ವಲ್ಪ ಬೇರೆ ಇರಬಹುದು.

ಎಲ್ಲಕ್ಕಿಂತ ಮೊದಲು ಸಿರಿಂಜ್

ದಾರಿ ಯಾವುದಾದರೂ ಆಗಲಿ, ಸಿರಿಂಜ್ ತಪ್ಪಾದರೆ ಎಲ್ಲವೂ ತಪ್ಪು. ನಮ್ಮ ದೇಶದಲ್ಲಿ ಈ ಅಪಾಯ ಜಾಸ್ತಿ. ಇಲ್ಲಿ ಎರಡು ಬಗೆಯ ಇನ್ಸುಲಿನ್ ಒಟ್ಟೊಟ್ಟಿಗೇ ಮಾರಾಟವಾಗುತ್ತವೆ. ಒಂದರಲ್ಲಿ ಮಿಲಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ.

ಕೆಂಚನಿಗೆ ಬರೆದದ್ದು 100ರ ಇನ್ಸುಲಿನ್. ಮೆಡಿಕಲ್ ಶಾಪಿನವರು ಜೊತೆಗೆ ಕೊಟ್ಟದ್ದು ಕೆಂಪು ಮುಚ್ಚಳದ ಸಿರಿಂಜ್. ನನಗೆ ವ್ಯತ್ಯಾಸ ಗೊತ್ತಿರಲಿಲ್ಲ. ನಮ್ಮ ಅತ್ತೆ ಹದಿನೈದು ವರ್ಷದಿಂದ ಇನ್ಸುಲಿನ್ ತಗೊಳ್ಳುವವರು. ನಾನು ಔಷಧಿ ಎಳೆಯುವುದನ್ನು ನೋಡಿ ಅಲ್ಲೇ ತಡೆದರು. "ಇದು ಕೆಂಪು ಮುಚ್ಚಳದ್ದು ಕಣಮ್ಮ. ನಿನ್ನ ಔಷಧಿಗೆ ಕಿತ್ತಳೆದು ಬೇಕು." ಆ ಸಿರಿಂಜ್‌ನಲ್ಲಿ ಒಂದು ಗೆರೆ ಎಳೆದಿದ್ದರೆ ಕೆಂಚನ ಮೈಗೆ ಎರಡೂವರೆ ಯೂನಿಟ್ ಹೋಗುತ್ತಿತ್ತು. ಮೊದಲ ದಿನವೇ. ಅದನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಸಿರಿಂಜ್‌ನ ಗಾತ್ರವನ್ನೂ ನೋಡಿ. 100ರ ಸಿರಿಂಜ್ 1 ಮಿಲಿಯದ್ದಾದರೆ ಸಾಮಾನ್ಯವಾಗಿ ಒಂದೊಂದು ಗೆರೆಗೆ ಎರಡು ಯೂನಿಟ್. ಅದರಲ್ಲಿ ಬೆಕ್ಕಿನ ಡೋಸ್ ಅಳೆಯುವುದು ಆಗದ ಮಾತು. 0.5 ಮಿಲಿಯದ್ದರಲ್ಲಿ ಗೆರೆಗೆ ಒಂದು ಯೂನಿಟ್. ಬೆಕ್ಕಿಗೆ ಬೇಕಾದದ್ದು 0.3 ಮಿಲಿಯದ್ದು, ಅದರಲ್ಲೂ ಅರ್ಧ ಯೂನಿಟ್ ಗೆರೆ ಇರುವಂಥದ್ದು. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಹೇಳಿ ತರಿಸಿ, ಒಂದು ಡಬ್ಬಿ ಜಾಸ್ತಿಯೇ ಇಟ್ಟುಕೊಳ್ಳಿ. ಇನ್ಸುಲಿನ್ ಪೆನ್ ಸುಲಭ ಅನ್ನಿಸುತ್ತದೆ. ಆದರೆ ಸಾಮಾನ್ಯ ಪೆನ್ ಒಂದೊಂದು ಯೂನಿಟ್‌ನಂತೆ ಏರುತ್ತದೆ. ಒಂದು ಯೂನಿಟ್ ತಗೊಳ್ಳುವ ಬೆಕ್ಕಿಗೆ ಇನ್ನೊಂದು ಯೂನಿಟ್ ಏರಿಸಿದರೆ ಡೋಸ್ ಒಂದೇ ಸಲಕ್ಕೆ ಎರಡರಷ್ಟಾಯಿತು, ಅಲ್ವಾ?

ಪೆನ್‌ಗೆ ಹಾಕುವ 3 ಮಿಲಿ ಕಾರ್ಟ್ರಿಡ್ಜ್‌ನಿಂದ ಸಿರಿಂಜ್‌ಗೆ ಎಳೆದು ಕೊಡುವ ಪದ್ಧತಿಯೂ ಇದೆ. ಅದರಲ್ಲಿ 300 ಯೂನಿಟ್ ಇರುತ್ತದೆ. ದೊಡ್ಡ ಬಾಟಲಿಯಷ್ಟು ವ್ಯರ್ಥವಾಗುವುದಿಲ್ಲ. ಹೀಗೆ ಎಳೆದ ಕಾರ್ಟ್ರಿಡ್ಜನ್ನು ಮತ್ತೆ ಪೆನ್‌ಗೆ ಹಾಕಿ ಮನುಷ್ಯರಿಗೆ ಬಳಸಬೇಡಿ. ಒಳಗೆ ಗಾಳಿ ಸೇರಿ ಪೆನ್ನಿನ ಅಳತೆ ತಪ್ಪುತ್ತದೆ.

ಯಾವ ಇನ್ಸುಲಿನ್?

ಇದರಲ್ಲಿ ನಿಮ್ಮ ಆಯ್ಕೆಗಿಂತ ಸಿಗುವುದು ಏನು ಅನ್ನುವುದೇ ಮುಖ್ಯ. ಬೆಕ್ಕಿಗೆ ಹೆಚ್ಚಾಗಿ ಬರೆಯುವುದು ಗ್ಲಾರ್ಜಿನ್. ನೀರಿನಂತೆ ತಿಳಿಯಾಗಿರುತ್ತದೆ, ನಿಧಾನವಾಗಿ ಕೆಲಸ ಮಾಡುತ್ತದೆ. ಲ್ಯಾಂಟಸ್ ಅಂತ ಬರುತ್ತದೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯದ್ದು ಬಸಲಾಗ್. ಎರಡೂ ಮನುಷ್ಯರ ಔಷಧಿಯೇ. ಗ್ಲಾರ್ಜಿನ್ ಚರ್ಮದ ಕೆಳಗೆ ಹೋದ ಮೇಲೆ ಸಣ್ಣ ಹರಳುಗಳಾಗಿ ಕೂತು, ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಇದಕ್ಕೆ ನೀರು ಬೆರೆಸಬಾರದು, ಬೇರೆ ಇನ್ಸುಲಿನ್ ಜೊತೆ ಸೇರಿಸಬಾರದು. ಡೋಸ್ ಬದಲಿಸಿದರೆ ಪರಿಣಾಮ ಪೂರ್ತಿ ಕಾಣಲು ಕೆಲವು ದಿನ ಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರೊಜಿಂಕ್ ಮತ್ತು ಕ್ಯಾನಿನ್ಸುಲಿನ್ (ಅಮೆರಿಕದಲ್ಲಿ ಇದರ ಹೆಸರು ವೆಟ್ಸುಲಿನ್) ಪ್ರಾಣಿಗಳಿಗಾಗಿಯೇ ಮಾಡಿದವು. ಎರಡೂ 40ರವು. ಅಮೆರಿಕ, ಇಂಗ್ಲೆಂಡ್, ಕೆನಡಾದಲ್ಲಿರುವ ಕನ್ನಡಿಗರಿಗೆ ವೈದ್ಯರು ಇವನ್ನು ಬರೆದುಕೊಡಬಹುದು. ಕ್ಯಾನಿನ್ಸುಲಿನ್ ಬೆಕ್ಕಿನಲ್ಲಿ ಬೇಗ ಇಳಿಸಿ ಬೇಗ ಮುಗಿದುಹೋಗುತ್ತದೆ. ಹಾಗಾಗಿ ಅದನ್ನು ಕೊಡುವಾಗ ಊಟದ ಬಗ್ಗೆ ಇನ್ನೂ ಜಾಗ್ರತೆ ಬೇಕು. ಅಮೆರಿಕದಲ್ಲಿ 2022ರ ಕೊನೆಯಿಂದ ಬೆಕ್ಕಿಗೆ ಬಾಯಲ್ಲಿ ಕೊಡುವ ಔಷಧಿಗೂ ಒಪ್ಪಿಗೆ ಸಿಕ್ಕಿದೆ. ಆದರೆ ಈಗಾಗಲೇ ಇನ್ಸುಲಿನ್ ಮೇಲಿರುವ ಬೆಕ್ಕಿಗೆ ಅದಲ್ಲ.

ಮನೆಯ ಹಿರಿಯರಿಗೆ ಅಂತ ಫ್ರಿಜ್‌ನಲ್ಲಿರುವ 30/70 ಮಿಶ್ರಣವನ್ನು ಮಾತ್ರ ಬೆಕ್ಕಿಗೆ ಕೊಡಬೇಡಿ. ಅದರಲ್ಲಿ ಬೇಗ ಕೆಲಸ ಮಾಡುವ ಭಾಗ ಇರುತ್ತದೆ. ಬೆಕ್ಕಿನ ಶುಗರ್ ಸರ್ರನೆ ಇಳಿದು ಮತ್ತೆ ಏರುತ್ತದೆ.

ಅಳೆಯುವುದು ಯಾವುದರಲ್ಲಿ?

ಕ್ಲಿನಿಕ್‌ನಲ್ಲಿ ತೆಗೆದ ಒಂದೇ ಒಂದು ಅಂಕಿ ನಂಬಿ ಡೋಸ್ ಏರಿಸಬೇಡಿ. ಹೆದರಿದ ಬೆಕ್ಕಿನ ಶುಗರ್ ತಾನಾಗಿಯೇ ಏರುತ್ತದೆ. ಕಾಯಿಲೆ ಇಲ್ಲದ ಬೆಕ್ಕಿಗೂ ಹೆದರಿಕೆಯಲ್ಲಿ 300 ದಾಟಬಹುದು. ಕೆಂಚನಿಗೆ ಒಂದು ಸಲ ಕ್ಲಿನಿಕ್‌ನಲ್ಲಿ 342 ಬಂತು. ಮನೆಗೆ ಬಂದು ಅವನ ಜಾಗದಲ್ಲಿ ಮಲಗಿದ ಮೇಲೆ ನೋಡಿದರೆ 228. ಬುಟ್ಟಿ, ಆಟೋ, ನಾಯಿಯ ಬೊಗಳಾಟ, ಅಪರಿಚಿತ ಕೈ. ಇಷ್ಟು ಸಾಕು ಅದಕ್ಕೆ.

ಮನೆಯ ಗ್ಲುಕೋಮೀಟರ್ ನನ್ನ ಮೊದಲ ಆಯ್ಕೆ. ಕಿವಿಯ ಅಂಚಿನಲ್ಲಿ ಸಣ್ಣ ರಕ್ತನಾಳ ಓಡುತ್ತದೆ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಇಟ್ಟರೆ ರಕ್ತ ಅಂಚಿಗೆ ಬರುತ್ತದೆ. ಒಳಗಡೆ ಹತ್ತಿ ಆನಿಸಿ, ಅಂಚಿನಲ್ಲಿ ಚುಕ್ ಅಂತ ಚುಚ್ಚಿದರೆ ಸಾಸಿವೆ ಗಾತ್ರದ ಹನಿ ಬರುತ್ತದೆ. ಮೊದಲ ವಾರ ನಮಗೆ ಮೂರರಲ್ಲಿ ಎರಡು ಸಲ ಆಗಲೇ ಇಲ್ಲ. ಎರಡನೇ ವಾರದಿಂದ ಕೆಂಚ ತಾನೇ ಬಂದು ಕೂರತೊಡಗಿದ, ಚುಚ್ಚಿದ ಮೇಲೆ ಕೋಳಿ ತುಂಡು ಸಿಗುತ್ತದೆ ಅಂತ ಅವನಿಗೆ ಗೊತ್ತಾಗಿತ್ತು.

ಮನುಷ್ಯರ ಮೀಟರ್ ಬೆಕ್ಕಿಗೆ ಸ್ವಲ್ಪ ಕಡಿಮೆ ತೋರಿಸುತ್ತದೆ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಹೆಚ್ಚುಕಮ್ಮಿ ಎಲ್ಲವೂ ಪ್ಲಾಸ್ಮಾದಲ್ಲೇ ಇರುತ್ತದೆ, ಕೆಂಪು ಕಣಗಳಲ್ಲಿ ತೀರ ಕಡಿಮೆ. ಮನುಷ್ಯರಲ್ಲಿ ಹಾಗಲ್ಲ. ಮೀಟರ್ ಮನುಷ್ಯರ ಲೆಕ್ಕ ಹಾಕುವುದರಿಂದ ಈ ಅಂತರ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರ್ ಹೆಚ್ಚು ನಿಖರ, ಆದರೆ ಸ್ಟ್ರಿಪ್ ದುಬಾರಿ. ನನ್ನ ಅಭಿಪ್ರಾಯದಲ್ಲಿ ಮನುಷ್ಯರದ್ದೇ ಸಾಕು, ತಪ್ಪಿದರೂ ಎಚ್ಚರದ ಕಡೆಗೇ ತಪ್ಪುತ್ತದೆ. ಯಾವ ಮೀಟರ್ ಅಂತ ವೈದ್ಯರಿಗೆ ಹೇಳಿ, ನಡುವೆ ಬದಲಿಸಬೇಡಿ. ಎರಡು ಮೀಟರಿನ ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬೆರೆಸಿದರೆ ಯಾವುದೂ ಅರ್ಥವಾಗುವುದಿಲ್ಲ. ಇಲ್ಲಿರುವ ಶುಗರ್ ಅಂಕಿಗಳೆಲ್ಲ mg/dL ಅಳತೆಯವು. ಹೊರದೇಶದ ಕೆಲವು ಮೀಟರ್‌ಗಳು mmol/L ಅನ್ನುವ ಬೇರೆ ಅಳತೆಯಲ್ಲಿ ತೋರಿಸುತ್ತವೆ. 5.5 ಅಂತ ಬಂದರೆ 18ರಿಂದ ಗುಣಿಸಿ, ಅದು ನಮ್ಮ 99.

ಮೈಗೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಕಿವಿ ಚುಚ್ಚಲು ಆಗದ ಮನೆಗೆ ದೊಡ್ಡ ಆಸರೆ. ಕತ್ತಿನ ಹಿಂದೆ ಕೂದಲು ಬೋಳಿಸಿ ವೈದ್ಯರು ಹಾಕುತ್ತಾರೆ. ಮನುಷ್ಯರ ಮೈಮೇಲೆ 14 ದಿನ ಇರುತ್ತದೆ, ಬೆಕ್ಕಿನ ಮೈಮೇಲೆ ಅದಕ್ಕೂ ಮೊದಲೇ ಕಿತ್ತುಬರುವುದು ಸಾಮಾನ್ಯ. ರಾತ್ರಿ ಎರಡು ಗಂಟೆಗೆ ಏನಾಗುತ್ತಿದೆ ಅಂತ ನಿದ್ದೆ ಕೆಡದೆ ತಿಳಿಯಬಹುದು. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಶುಗರ್ ವೇಗವಾಗಿ ಬದಲಾಗುವಾಗ ಸ್ವಲ್ಪ ಹಿಂದೆ ಬೀಳುತ್ತದೆ. ತೀರ ಕಡಿಮೆ ತೋರಿಸಿದರೆ ಒಂದು ಹನಿ ರಕ್ತದಲ್ಲಿ ಖಚಿತಪಡಿಸಿಕೊಳ್ಳಿ. ಬೆಕ್ಕು ತೂರಾಡುತ್ತಿದ್ದರೆ ಮಾತ್ರ ಮೀಟರ್ ಹುಡುಕುತ್ತಾ ಕೂರಬೇಡಿ.

ಮೂತ್ರದ ಪಟ್ಟಿ ಡೋಸ್ ಏರಿಸಲು ಪ್ರಯೋಜನವಿಲ್ಲ. ರಕ್ತದಲ್ಲಿ ಸುಮಾರು 250 ದಾಟಿದ ಮೇಲಷ್ಟೇ ಬೆಕ್ಕಿನ ಮೂತ್ರಕ್ಕೆ ಸಕ್ಕರೆ ಇಳಿಯುತ್ತದೆ. ಇಡೀ ರಾತ್ರಿಯ ಮೂತ್ರ ಒಟ್ಟಾಗಿರುವುದರಿಂದ ಯಾವಾಗ ಏರಿತು, ಯಾವಾಗ ಇಳಿಯಿತು ತಿಳಿಯುವುದಿಲ್ಲ. ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಉರಿಸುವಾಗ ಬರುವ ಕೀಟೋನ್ ಅನ್ನುವ ವಸ್ತುವನ್ನು ನೋಡಲು ಮಾತ್ರ ಒಂದು ಡಬ್ಬಿ ಇಟ್ಟುಕೊಳ್ಳಿ. ಊಟ ಬಿಟ್ಟಿದೆ, ವಾಂತಿಯಾಗುತ್ತಿದೆ, ಪಟ್ಟಿಯಲ್ಲಿ ಕೀಟೋನ್ ಬಂದಿದೆ ಅಂದರೆ ಅದೇ ದಿನ ಆಸ್ಪತ್ರೆಗೆ.

ಮೊದಲ ದಾರಿ: ಡೋಸ್ ವೈದ್ಯರ ಕೈಲಿ

ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಬೆಳಗ್ಗೆ ಏಳಕ್ಕೆ ಸೂಜಿ, ಸಂಜೆ ಏಳಕ್ಕೆ ಸೂಜಿ, ನಡುವೆ ಯಾರೂ ಇಲ್ಲ. ಇಂಥ ಮನೆಗೆ ಇದೇ ಸರಿ. ಡೋಸ್ ಸ್ವಲ್ಪ ಕಡಿಮೆಯ ಕಡೆಗೇ ಇಟ್ಟುಕೊಂಡು, ಶುರುವಿನಲ್ಲಿ ಒಂದೆರಡು ವಾರಕ್ಕೊಮ್ಮೆ ವೈದ್ಯರಲ್ಲಿ ತೋರಿಸುತ್ತೀರಿ. ಅವರು ತೂಕ ನೋಡುತ್ತಾರೆ, ಬೇಕಿದ್ದರೆ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತಾರೆ. ಅದು ಹಿಂದಿನ ಎರಡು ಮೂರು ವಾರಗಳ ಸರಾಸರಿ ಹೇಳುತ್ತದೆ, ಹೆದರಿಕೆಯಿಂದ ಬದಲಾಗುವುದಿಲ್ಲ.

ನಿಮ್ಮ ಕೆಲಸ ಬರೆದಿಡುವುದು. ನೀರನ್ನು ಅಳೆದು ಹಾಕಿ, ಉಳಿದದ್ದನ್ನು ಅಳೆಯಿರಿ. ಆರೋಗ್ಯವಾಗಿರುವ ಬೆಕ್ಕು ದಿನಕ್ಕೆ ಕೆಜಿ ತೂಕಕ್ಕೆ 50 ಮಿಲಿಗಿಂತ ಕಡಿಮೆ ಕುಡಿಯುತ್ತದೆ. 100 ದಾಟಿದರೆ ಖಂಡಿತ ಜಾಸ್ತಿ. ವಾರಕ್ಕೊಮ್ಮೆ ತೂಕ, ಟ್ರೇಯಲ್ಲಿ ಎಷ್ಟು ಉಂಡೆ, ಕಟ್ಟೆಗೆ ಹಾರಿತಾ ಇಲ್ಲವಾ. ಸಕ್ಕರೆ ಕಾಯಿಲೆ ಜೋರಾದಾಗ ಕೆಲವು ಬೆಕ್ಕುಗಳ ಹಿಂಗಾಲು ಸೋಲುತ್ತದೆ, ಹಿಮ್ಮಡಿ ಊರಿ ನಡೆಯುತ್ತವೆ. ಅದು ಸರಿಹೋಗುತ್ತಿದೆಯಾ ಅನ್ನುವುದು ಯಾವ ಮೀಟರ್‌ಗೂ ಕಮ್ಮಿಯಲ್ಲದ ಸುದ್ದಿ.

ಕೊರತೆ ಏನೆಂದರೆ, ನಡುಹಗಲಿನಲ್ಲಿ ಶುಗರ್ ಎಷ್ಟು ಇಳಿಯಿತು ಅಂತ ಗೊತ್ತಾಗುವುದೇ ಇಲ್ಲ. ಹಾಗಾಗಿ ಈ ದಾರಿಯಲ್ಲಿರುವವರು ಫೋನ್‌ನಲ್ಲಿ ಯಾರೋ ಹೇಳಿದರು ಅಂತ ತಾವಾಗಿಯೇ ಡೋಸ್ ಏರಿಸಬಾರದು.

ಎರಡನೇ ದಾರಿ: ವಾರಕ್ಕೊಂದು ಕರ್ವ್, ಅರ್ಧ ಯೂನಿಟ್

ಬೆಳಗಿನ ಸೂಜಿಯಿಂದ ಸಂಜೆಯ ಸೂಜಿಯವರೆಗೆ ಎರಡು ಗಂಟೆಗೊಮ್ಮೆ ಶುಗರ್ ನೋಡಿ ಬರೆಯುವುದಕ್ಕೆ ಕರ್ವ್ ಅನ್ನುತ್ತಾರೆ. ಭಾನುವಾರ ಒಂದು ದಿನ ಮನೆಯಲ್ಲಿದ್ದರೆ ಆಗುವ ಕೆಲಸ. ಕರ್ವ್‌ನಲ್ಲಿ ಮುಖ್ಯವಾದದ್ದು ಎಲ್ಲಕ್ಕಿಂತ ಕೆಳಗಿನ ಅಂಕಿ. ನಾನು ಅದನ್ನು ತಳ ಅನ್ನುತ್ತೇನೆ. ಡೋಸ್ ತೀರ್ಮಾನವಾಗುವುದು ತಳದಿಂದ. ಬೆಳಗಿನ ಅಂಕಿಯಿಂದಲ್ಲ.

ಇದು ನನಗೆ ತಲೆಗೆ ಹೋಗಲು ಸಮಯ ಬೇಕಾಯಿತು. ಕೆಂಚನ ಒಂದು ಭಾನುವಾರದ ಲೆಕ್ಕ ಹೀಗಿತ್ತು. ಬೆಳಗ್ಗೆ ಏಳಕ್ಕೆ 320. ಒಂಬತ್ತಕ್ಕೆ 262, ಹನ್ನೊಂದಕ್ಕೆ 171, ಒಂದಕ್ಕೆ 118, ಮೂರಕ್ಕೆ 149, ಐದಕ್ಕೆ 233, ಸಂಜೆ ಏಳಕ್ಕೆ 308. ಎರಡು ತುದಿಯಲ್ಲೂ 300ರ ಮೇಲೆ. ನನಗೆ ಡೋಸ್ ಸಾಲದು ಅನ್ನಿಸಿತು. ವೈದ್ಯರಿಗೆ ಕಳಿಸಿದರೆ ಅವರು ಕೈಯಿಟ್ಟದ್ದು 118ರ ಮೇಲೆ. "ತಳ ಇಷ್ಟಕ್ಕೆ ಬಂದಿದೆ. ಈಗ ಏರಿಸಿದರೆ ಮುಂದಿನ ವಾರ ಒಂದು ಗಂಟೆಗೆ 60 ಬರುತ್ತೆ. ಸುಮ್ನೆ ಬಿಡಿ, ಅದೇ ಡೋಸ್ ಕೊಡಿ." ಹತ್ತು ದಿನ ಅದೇ ಡೋಸ್ ಕೊಟ್ಟೆವು. ಬೆಳಗಿನ ಅಂಕಿ ತಾನೇ 240ಕ್ಕೆ ಇಳಿಯಿತು. ನಾನು ಏನೂ ಮಾಡದೆ ಇದ್ದದ್ದೇ ಅವನಿಗೆ ಬೇಕಾಗಿತ್ತು.

ಅವರು ಬರೆದುಕೊಟ್ಟ ಪಟ್ಟಿ ಚಿಕ್ಕದು. ತಳ 150ಕ್ಕಿಂತ ಮೇಲಿದ್ದರೆ ಅರ್ಧ ಯೂನಿಟ್ ಏರಿಸಿ. 80ರಿಂದ 150ರ ನಡುವೆ ಇದ್ದರೆ ಮುಟ್ಟಬೇಡಿ. 80ಕ್ಕಿಂತ ಕೆಳಗಿದ್ದರೆ ಅರ್ಧ ಯೂನಿಟ್ ಇಳಿಸಿ. 60ಕ್ಕಿಂತ ಕೆಳಗೆ ಬಂದರೆ ಅಥವಾ ಬೆಕ್ಕು ತೂರಾಡಿದರೆ ಮುಂದಿನ ಸೂಜಿಗೆ ಮೊದಲು ಫೋನ್ ಮಾಡಿ. ಒಂದು ಸಲ ಏರಿಸಿದ ಮೇಲೆ ಐದರಿಂದ ಏಳು ದಿನ ಮತ್ತೆ ಏರಿಸುವಂತಿಲ್ಲ. ಇಳಿಸಲು ಮಾತ್ರ ಕಾಯಬೇಕಾಗಿಲ್ಲ.

ಖರ್ಚೂ ಹಿಡಿತದಲ್ಲಿರುತ್ತದೆ. ದಿನಕ್ಕೆ ಸೂಜಿಗೆ ಮೊದಲಿನ ಎರಡು ಸ್ಟ್ರಿಪ್, ಭಾನುವಾರ ಇನ್ನೈದು. ತಿಂಗಳಿಗೆ ಸುಮಾರು 80. ಬಹಳಷ್ಟು ಮನೆಗಳಿಗೆ ನಾನು ಹೇಳುವುದು ಈ ದಾರಿಯನ್ನೇ.

ಮೂರನೇ ದಾರಿ: ಬಿಗಿ ಹಿಡಿತ

ಬೆಕ್ಕಿನ ಸಕ್ಕರೆ ಕಾಯಿಲೆಯಲ್ಲಿ ಒಂದು ದೊಡ್ಡ ಆಸೆ ಇದೆ. ಬೇಗ ಹಿಡಿತಕ್ಕೆ ತಂದರೆ ಎಷ್ಟೋ ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ. ಕಿರ್ಸ್ಟನ್ ರೂಂಪ್ ಮತ್ತು ಜಾಕ್ವಿ ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳಿದ್ದವು. ಎಲ್ಲಕ್ಕೂ ಗ್ಲಾರ್ಜಿನ್, ಕಡಿಮೆ ಪಿಷ್ಟದ ಊಟ, ಮನೆಯಲ್ಲೇ ದಿನಕ್ಕೆ ಹಲವು ಸಲ ರಕ್ತಪರೀಕ್ಷೆ. ಅವುಗಳಲ್ಲಿ 64 ಶೇಕಡಾ ಬೆಕ್ಕುಗಳಿಗೆ ಸೂಜಿ ನಿಂತಿತು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಈ ಕ್ರಮ ಶುರು ಮಾಡಿದವುಗಳಲ್ಲಿ 84 ಶೇಕಡಾ, ತಡವಾಗಿ ಶುರು ಮಾಡಿದವುಗಳಲ್ಲಿ 35.

ಈ ಅಂಕಿ ನೋಡಿ ನಾನು ಮೊದಲು ಇದೇ ದಾರಿ ಹಿಡಿದೆ. ಎರಡು ವಾರದಲ್ಲಿ ಬಿಟ್ಟೆ. ಕಾರಣ ಹೇಳುತ್ತೇನೆ. ಇದರಲ್ಲಿ ಮನುಷ್ಯರ ಮೀಟರ್‌ನಲ್ಲಿ 50ರಿಂದ 100ರ ನಡುವೆ ಇಡುವುದು ಗುರಿ. ಅಪಾಯದ ಅಂಚಿನ ಪಕ್ಕದಲ್ಲೇ ನಡೆದಂತೆ. ಕಾಲು ಯೂನಿಟ್, ಅರ್ಧ ಯೂನಿಟ್ ಲೆಕ್ಕದಲ್ಲಿ ಕೆಲವೇ ದಿನಕ್ಕೊಮ್ಮೆ ಬದಲಿಸಬೇಕು. ಮನೆಯಲ್ಲಿ ಒಬ್ಬರು ಇರಲೇಬೇಕು, ಚುಚ್ಚಲು ಬರಬೇಕು, ಅಂಕಿ ನೋಡಿ ಗಾಬರಿಯಾಗಬಾರದು. ತಿಂಗಳಿಗೆ 150 ಸ್ಟ್ರಿಪ್ ಬೇಕು. ಹಗಲು ನಮ್ಮ ಮನೆಯಲ್ಲಿ ಇರುವುದು ಅತ್ತೆ ಒಬ್ಬರೇ. ಅವರಿಗೆ ಕಣ್ಣು ಮಂದ, ಬೆಕ್ಕಿನ ಕಿವಿಯ ಅಂಚು ಸರಿಯಾಗಿ ಕಾಣುವುದಿಲ್ಲ. ನಾನು ಆಫೀಸಿನಿಂದ ಫೋನ್ ಮಾಡಿ ಮಾಡಿ ಅವರನ್ನೂ ಸುಸ್ತು ಮಾಡಿದೆ.

ಮನೆಯಿಂದಲೇ ಕೆಲಸ ಮಾಡುವವರು, ಕಾಯಿಲೆ ಈಗಷ್ಟೇ ಗೊತ್ತಾದ ಬೆಕ್ಕು, ಫೋನ್ ಎತ್ತುವ ವೈದ್ಯರು, ಈ ಮೂರೂ ಇದ್ದರೆ ಇದನ್ನು ಖಂಡಿತ ಯೋಚಿಸಿ. ಒಂದು ಇಲ್ಲದಿದ್ದರೂ ಎರಡನೇ ದಾರಿಗೆ ಬನ್ನಿ. ಸೂಜಿ ನಿಲ್ಲುವ ಅವಕಾಶ ಅಲ್ಲೂ ಇದೆ.

ಸೂಜಿಗೆ ಮೊದಲು ಅಂಕಿ ಕಡಿಮೆ ಬಂದರೆ

ಕೆಲವರು ಪ್ರತಿ ಸಲ ಅಂಕಿ ನೋಡಿ ಡೋಸ್ ಬದಲಿಸುತ್ತಾರೆ. 300 ಇದ್ದರೆ ಎರಡು ಯೂನಿಟ್, 200 ಇದ್ದರೆ ಒಂದು. ಮನುಷ್ಯರು ಊಟಕ್ಕೆ ಮೊದಲು ಹಾಗೆ ಮಾಡುವುದನ್ನು ನೋಡಿ ಬಂದ ಅಭ್ಯಾಸ. ಗ್ಲಾರ್ಜಿನ್‌ಗೆ ಇದು ಹೊಂದುವುದಿಲ್ಲ. ಇವತ್ತಿನ ಸೂಜಿಯ ಪರಿಣಾಮ ನಾಳೆಯದ್ದರ ಮೇಲೂ ಸ್ವಲ್ಪ ಇರುತ್ತದೆ. ದಿನಕ್ಕೊಂದು ಡೋಸ್ ಕೊಟ್ಟರೆ ಮೈ ಯಾವುದಕ್ಕೂ ಒಗ್ಗುವುದಿಲ್ಲ.

ಆದರೆ ಸೂಜಿಗೆ ಮೊದಲಿನ ಅಂಕಿ ತೀರ ಕಡಿಮೆ ಇದ್ದರೆ ತಡೆಯಬೇಕು. ಹೊಸಬರಾದ ನಮಗೆ ವೈದ್ಯರು ಹಾಕಿದ ಗೆರೆ 200. ಅದಕ್ಕಿಂತ ಕೆಳಗಿದ್ದರೆ ಊಟ ಕೊಡದೆ 20 ನಿಮಿಷ ಕಾದು ಮತ್ತೆ ನೋಡುವುದು. ಏರಿ 200 ದಾಟಿದರೆ ಎಂದಿನಂತೆ ಊಟ, ಸೂಜಿ. ಏರದಿದ್ದರೆ ಊಟ ಮಾತ್ರ ಕೊಟ್ಟು ಅವರಿಗೆ ಫೋನ್. ಅನುಭವ ಬಂದ ಮೇಲೆ ಆ ಗೆರೆಯನ್ನು ಅವರೇ ಕೆಳಗೆ ತಂದರು.

ಚುಚ್ಚುವಾಗ ಔಷಧಿ ಕೂದಲಿಗೆ ಹೋಗಿ ಒದ್ದೆಯಾಯಿತು ಅನ್ನಿಸಿದರೆ ಮತ್ತೆ ಚುಚ್ಚಬೇಡಿ. ಒಳಗೆ ಎಷ್ಟು ಹೋಗಿದೆ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಒಂದು ಸೂಜಿ ತಪ್ಪಿಹೋದರೂ ಅಷ್ಟೇ, ಮುಂದಿನದ್ದನ್ನು ಎರಡರಷ್ಟು ಮಾಡಬೇಡಿ. ಒಂದು ದಿನ ಶುಗರ್ ಮೇಲಿದ್ದರೆ ಬೆಕ್ಕು ತಡೆದುಕೊಳ್ಳುತ್ತದೆ. ಒಂದು ಗಂಟೆ ತೀರ ಕೆಳಗಿದ್ದರೆ ಜೀವ ಹೋಗಬಹುದು.

ಊಟ ಬದಲಿಸಿದರೆ ಡೋಸ್ ಕೂಡ ಬದಲಾಗುತ್ತದೆ

ನಮ್ಮ ಕಡೆ ಬೆಕ್ಕಿಗೆ ಹಾಲು ಅನ್ನ, ಮೊಸರನ್ನ ಹಾಕುವುದು ರೂಢಿ. ಕೆಂಚನೂ ಅದರಲ್ಲೇ ಬೆಳೆದವನು, ಜೊತೆಗೆ ಅಂಗಡಿಯ ಒಣ ಕ್ಯಾಟ್ ಫುಡ್. ಅನ್ನ, ಒಣ ಫುಡ್ ಎರಡರಲ್ಲೂ ಪಿಷ್ಟ ಜಾಸ್ತಿ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಮಾಂಸವೇ ಮುಖ್ಯವಾದ, ನೀರಿನಂಶ ಇರುವ ಊಟ (ವೆಟ್ ಫುಡ್) ಒಳ್ಳೆಯದು, ಪೊಟ್ಟಣದಲ್ಲಿ ಬರುವ ಮೆತ್ತನೆಯ ಫುಡ್‌ಗಳಲ್ಲಿ ಪಿಷ್ಟ ಕಡಿಮೆ ಇರುವಂಥದ್ದನ್ನು ಆರಿಸಿ. ಬರೀ ಬೇಯಿಸಿದ ಕೋಳಿ ಮಾತ್ರ ಹಾಕಿದರೆ ಟಾರಿನ್, ಕ್ಯಾಲ್ಸಿಯಂ ಸಾಲದು. ಟಾರಿನ್ ಕೊರತೆಯಾದರೆ ಬೆಕ್ಕಿನ ಹೃದಯ, ಕಣ್ಣು ಹಾಳಾಗುತ್ತವೆ.

ಇಲ್ಲೊಂದು ಅಪಾಯ ಇದೆ. ಅನ್ನ ನಿಲ್ಲಿಸಿದ ಕೂಡಲೇ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ, ಕೆಲವು ಬೆಕ್ಕುಗಳಿಗೆ ತುಂಬಾ ಕಡಿಮೆ. ಹಳೆಯ ಡೋಸ್ ಹಾಗೇ ಕೊಟ್ಟರೆ ಶುಗರ್ ಪಾತಾಳಕ್ಕೆ. ಹಾಗಾಗಿ ಊಟ ಮತ್ತು ಡೋಸ್ ಎರಡನ್ನೂ ಒಂದೇ ವಾರದಲ್ಲಿ ಏರುಪೇರು ಮಾಡಬೇಡಿ. ಮೊದಲು ಊಟ, ಅದೂ ವೈದ್ಯರಿಗೆ ಹೇಳಿ, ದಿನಾ ಶುಗರ್ ನೋಡುತ್ತಾ. ನೋಡಲು ಆಗದವರು ಊಟ ಬದಲಿಸುವ ದಿನಗಳಲ್ಲಿ ಡೋಸ್ ಎಷ್ಟು ಇಳಿಸಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಎಷ್ಟು ಏರಿಸಿದರೂ ಇಳಿಯುತ್ತಿಲ್ಲವೇ?

ಆಗ ಮತ್ತೆ ಏರಿಸುವ ಮೊದಲು ನಿಂತು ನೋಡಿ. ಕಾರ್ಟ್ರಿಡ್ಜ್ ಹಳೆಯದಾಯಿತಾ, ಒಳಗೆ ಮೋಡ ಕಟ್ಟಿದೆಯಾ, ಫ್ರಿಜ್‌ನ ಫ್ರೀಜರ್ ಪಕ್ಕ ಇಟ್ಟು ಹೆಪ್ಪುಗಟ್ಟಿತ್ತಾ? ಬೇಸಿಗೆಯಲ್ಲಿ ಕರೆಂಟ್ ಹೋಗಿ ಗಂಟೆಗಟ್ಟಲೆ ಬಿಸಿಯಲ್ಲಿತ್ತಾ? ಯಾರಾದರೂ ಅಡುಗೆಮನೆಯಲ್ಲಿ ಹಾಲು ಅನ್ನ ಹಾಕುತ್ತಿದ್ದಾರಾ? ನಮ್ಮ ಮನೆಯಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದ ಹಾಲು ಇಡುತ್ತಿದ್ದರು. ಕೂತು ವಿವರಿಸಿದ ಮೇಲೆ ನಿಲ್ಲಿಸಿದರು.

ಇವೆಲ್ಲ ಸರಿಯಿದ್ದರೆ ಒಳಗೆ ಬೇರೇನೋ ಇರಬಹುದು. ಹಲ್ಲಿನ ಕೀವು, ಮೂತ್ರದ ಸೋಂಕು, ತುರಿಕೆಗೆ ಕೊಟ್ಟ ಸ್ಟೆರಾಯ್ಡ್ ಇಂಜೆಕ್ಷನ್, ಇವೆಲ್ಲ ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತವೆ. ಕೆಲವು ಬೆಕ್ಕುಗಳಲ್ಲಿ ಮೆದುಳಿನ ಕೆಳಗಿನ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ಕಾಯಿಲೆ ಹಿಡಿತದಲ್ಲಿಲ್ಲದಿದ್ದರೂ ತೂಕ ಏರುತ್ತಿದೆ, ಮುಖ ಅಗಲವಾಗುತ್ತಿದೆ ಅನ್ನಿಸಿದರೆ ವೈದ್ಯರಿಗೆ ಹೇಳಿ. ಹತ್ತಿರದಲ್ಲಿ ಈ ಪರೀಕ್ಷೆಗಳ ಅನುಕೂಲ ಇಲ್ಲದವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆ ವಿಚಾರಿಸಬಹುದು.

ಶುಗರ್ ಕುಸಿದಾಗ

ಕಾಲು ತೂರಾಡುವುದು, ದಿಟ್ಟಿಸಿ ನೋಡುತ್ತಾ ನಿಲ್ಲುವುದು, ಇದ್ದಕ್ಕಿದ್ದಂತೆ ಊಟಕ್ಕೆ ಅರಚುವುದು, ನಡುಕ, ಕೊನೆಗೆ ಫಿಟ್ಸ್. ಇವುಗಳಲ್ಲಿ ಯಾವುದು ಕಂಡರೂ ಜೇನುತುಪ್ಪವನ್ನೋ ಗ್ಲುಕೋಸ್ ಪುಡಿ ಕಲಸಿದ ಪಾಕವನ್ನೋ ಒಸಡಿಗೆ ಸವರಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ನೀರಿನಂಥದ್ದು ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಾಗ ಹಲ್ಲಿನ ನಡುವೆ ಬೆರಳಿಡಬೇಡಿ. ಎಚ್ಚರ ಇದ್ದರೆ ಊಟ ಕೊಡಿ. ಸ್ವಲ್ಪ ಚೇತರಿಸಿಕೊಂಡರೂ ಆಸ್ಪತ್ರೆಗೆ ಹೊರಡಿ. ಇನ್ಸುಲಿನ್ ಇನ್ನೂ ಮೈಯಲ್ಲಿರುತ್ತದೆ, ಮತ್ತೆ ಕುಸಿಯಬಹುದು. ಬೆಕ್ಕು ಚೆನ್ನಾಗೇ ಇದ್ದು ಮೀಟರ್ ಮಾತ್ರ 50ರ ಕೆಳಗೆ ತೋರಿಸಿದರೆ ಊಟ ಕೊಟ್ಟು, 15–20 ನಿಮಿಷಕ್ಕೊಮ್ಮೆ ನೋಡುತ್ತಾ ವೈದ್ಯರಿಗೆ ಫೋನ್ ಮಾಡಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ನಂಬರ್ ಬರೆದಿಡಿ. ನಮ್ಮ ಮೈಸೂರಿನಲ್ಲಿ ಅದನ್ನು ಹುಡುಕಲು ನನಗೆ ಅರ್ಧ ದಿನ ಬೇಕಾಯಿತು. ಆ ಗಳಿಗೆಯಲ್ಲಿ ಅರ್ಧ ದಿನ ಯಾರ ಬಳಿಯೂ ಇರುವುದಿಲ್ಲ.

ಸೂಜಿ ನಿಲ್ಲುವ ಕಾಲ ಬಂದರೆ

ತಳ ಮತ್ತೆ ಮತ್ತೆ 80ರ ಕೆಳಗೆ ಬರತೊಡಗಿದರೆ ಡೋಸ್ ಮೆಟ್ಟಿಲಿಳಿಯುತ್ತದೆ. ನಾವು ಎರಡನೇ ದಾರಿಗೆ ಬಂದ ಮೇಲೆ ಕೆಂಚ ಎರಡು ಯೂನಿಟ್‌ವರೆಗೆ ಏರಿದ. ಆಮೇಲೆ ಒಂದೂವರೆ, ಒಂದು, ಅರ್ಧ. ಅರ್ಧ ಯೂನಿಟ್‌ನಲ್ಲೂ ಇಡೀ ದಿನ 100ರ ಆಸುಪಾಸಿನಲ್ಲೇ ಇದ್ದ. ವೈದ್ಯರು ಮೊದಲು ದಿನಕ್ಕೊಂದೇ ಸೂಜಿ ಮಾಡಿ, ಎರಡು ವಾರ ನೋಡಿ, ನಿಲ್ಲಿಸಲು ಹೇಳಿದರು. ಕಾಯಿಲೆ ಹೋಯಿತು ಅಂತ ಇದಕ್ಕೆ ಅರ್ಥವಿಲ್ಲ. ಮತ್ತೆ ಬರಬಹುದು, ಅನ್ನ ಮತ್ತೆ ಹಾಕುವಂತಿಲ್ಲ, ಸ್ಟೆರಾಯ್ಡ್ ಬರೆಯುವ ಯಾವ ವೈದ್ಯರಿಗೂ ಇದನ್ನು ಹೇಳಬೇಕು.

ಕೆಂಚನಿಗೆ ಸೂಜಿ ನಿಂತು ಏಳು ವಾರ ಆಯಿತು. ಭಾನುವಾರ ಬೆಳಗ್ಗೆ ಒಂದೇ ಹನಿ ರಕ್ತ ನೋಡುತ್ತೇವೆ. ಅಂಕಿಯನ್ನು ಅತ್ತೆ ತಮ್ಮದರ ಪಕ್ಕದಲ್ಲೇ ಕ್ಯಾಲೆಂಡರ್ ಮೇಲೆ ಬರೆಸುತ್ತಾರೆ. ಮೊನ್ನೆಯದ್ದು 94.